ಸೈರನ್ ಕೂಗಿದರೆ ಒಳಗೋ ಹೊರಗೋ? ಕನ್ನಡದಲ್ಲಿ ಹೇಳಿ!



ಒಂದೇ ಒಂದು ಪ್ರಶ್ನೆ. ನೀವು ಬೈಕಂಪಾಡಿಯ ಕಾರ್ಖಾನೆಯಲ್ಲಿ ದುಡಿಯುತ್ತಿರಬಹುದು, ಪಣಂಬೂರಿನ ಗೋದಾಮಿನಲ್ಲಿರಬಹುದು, ಕೂಳೂರಿನ ಶೋರೂಮಿನಲ್ಲಿರಬಹುದು, ಸುರತ್ಕಲ್ಲಿನ ಬ್ಯಾಂಕಿನಲ್ಲಿರಬಹುದು. ನಾಳೆ ಮಧ್ಯಾಹ್ನ ಮೂರು ಗಂಟೆಗೆ ಸೈರನ್ ಕೂಗುತ್ತದೆ. ಮೂಗಿಗೆ ಘಾಟು ಹೊಡೆಯುತ್ತದೆ. ನೀವು ಹೊರಗೆ ಓಡುತ್ತೀರೋ, ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತೀರೋ?

ಯೋಚಿಸಲು ಒಂದು ನಿಮಿಷ ಬೇಕಾಯಿತೇ? ಆ ಹೊತ್ತಿನಲ್ಲಿ ನಿಮಗೆ ಆ ಒಂದು ನಿಮಿಷ ಸಿಗುವುದಿಲ್ಲ. ಪಕ್ಕದ ಮೇಜಿನವರನ್ನು ಕೇಳಿ. ಗೇಟಿನ ಕಾವಲುಗಾರನನ್ನು ಕೇಳಿ. ಕ್ಯಾಂಟೀನಿನ ಅಕ್ಕನನ್ನು ಕೇಳಿ. ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರೆ ತಿಳಿದುಕೊಳ್ಳಿ: ನಿಮ್ಮ ಕಚೇರಿಯಲ್ಲಿ ಯೋಜನೆ ಎಂಬುದು ಇಲ್ಲ. ಇದ್ದರೂ ಅದು ಸಾಹೇಬರ ಕಪಾಟಿನಲ್ಲಿದೆ, ಸಾಹೇಬರ ಭಾಷೆಯಲ್ಲಿದೆ.

ಒಂದೇ ಕೂಗು, ಎರಡು ಅರ್ಥ

ನಮಗೆ ಕಲಿಸಿರುವುದು ಒಂದೇ ಪಾಠ. ಗಂಟೆ ಬಾರಿಸಿದರೆ ಹೊರಗೆ ಓಡು, ಅಂಗಳದಲ್ಲಿ ಹಸಿರು ಬೋರ್ಡಿನ ಕೆಳಗೆ ಸಾಲಾಗಿ ನಿಲ್ಲು. ಆ ಬೋರ್ಡಿಗೆ 'ಅಸೆಂಬ್ಲಿ ಪಾಯಿಂಟ್' ಎಂದು ಹೆಸರು. ಬೆಂಕಿ ಬಿದ್ದಾಗ ಇದು ಸರಿ, ನೂರಕ್ಕೆ ನೂರು ಸರಿ. ಬೆಂಕಿ ಇರುವುದು ಕಟ್ಟಡದ ಒಳಗೆ, ಆದ್ದರಿಂದ ಬದುಕು ಇರುವುದು ಹೊರಗೆ.

ಆದರೆ ಅಪಾಯ ಇರುವುದೇ ಹೊರಗಾದರೆ? ಅರ್ಧ ಮೈಲಿ ದೂರದ ಟ್ಯಾಂಕಿನಿಂದ ಅಮೋನಿಯ ಸೋರಿ ಗಾಳಿಯಲ್ಲಿ ತೇಲಿ ಬರುತ್ತಿದ್ದರೆ? ಆಗ ಅದೇ ಅಂಗಳದಲ್ಲಿ ಸಾಲಾಗಿ ನಿಲ್ಲುವುದೆಂದರೆ ವಿಷದ ಮುಂದೆ ಹಾಜರಿ ಕೊಟ್ಟಂತೆ! ಅಲ್ಲಿ ಮಾಡಬೇಕಾದದ್ದು ತದ್ವಿರುದ್ಧ. ಒಳಗೆ ಹೋಗಬೇಕು, ಬಾಗಿಲು ಕಿಟಕಿ ಭದ್ರ ಮಾಡಬೇಕು, ಎ.ಸಿ., ಫ್ಯಾನು ಎಲ್ಲ ನಿಲ್ಲಿಸಬೇಕು, ವಿಷದ ಮೋಡ ದಾಟಿ ಹೋಗುವವರೆಗೆ ಕಾಯಬೇಕು. ಇಂಗ್ಲಿಷಿನವರು ಇದಕ್ಕೆ 'ಶೆಲ್ಟರ್ ಇನ್ ಪ್ಲೇಸ್' ಎನ್ನುತ್ತಾರೆ. ನಮ್ಮ ಸರ್ಕಾರಿ ಭಾಷಾಂತರಕಾರರ ಕೈಗೆ ಕೊಟ್ಟರೆ 'ಸ್ವಸ್ಥಾನಾಶ್ರಯ' ಎಂದು ಬರೆದಾರು! ಅದನ್ನು ಓದಿ ಮುಗಿಸುವ ಹೊತ್ತಿಗೆ ಉಸಿರು ನಿಂತಿರುತ್ತದೆ. ನಮಗೆ ಸಾಕಾದದ್ದು ಒಂದೇ ಮಾತು: ಒಳಗಿರಿ.

ಸೈರನ್ನಿಗೆ ಬಾಯಿ ಇದೆ, ಮಾತು ಇಲ್ಲ. ಅದು 'ಅಪಾಯ' ಎಂದು ಕೂಗಬಲ್ಲದು. 'ಒಳಗೆ' ಎಂದೋ 'ಹೊರಗೆ' ಎಂದೋ ಹೇಳಲಾರದು. ಕೂಗುವ ಬಗೆಯಲ್ಲಿ ವ್ಯತ್ಯಾಸ ಇಟ್ಟಿದ್ದೇವೆ, ಏರಿಳಿದು ಕೂಗಿದರೆ ಒಂದು, ಒಂದೇ ಸಮ ಕೂಗಿದರೆ ಇನ್ನೊಂದು ಎಂದು ಆಡಳಿತ ವರ್ಗದವರು ಹೇಳಬಹುದು. ಆ ವ್ಯತ್ಯಾಸವನ್ನು ಜನರಿಗೆ ಯಾರು ಕಲಿಸಿದರು, ಯಾವ ಭಾಷೆಯಲ್ಲಿ ಕಲಿಸಿದರು? ಜೀವ ಉಳಿಸುವ ಆ ಒಂದು ಮಾತನ್ನು ಭಾಷೆ ಮಾತ್ರ ಹೇಳಬಲ್ಲದು, ಅದೂ ಕೇಳುವವನಿಗೆ ತಿಳಿಯುವ ಭಾಷೆ. ಆದ್ದರಿಂದಲೇ ಇದು ಕನ್ನಡದ ಪ್ರಶ್ನೆ. ಅಭಿಮಾನದ ಮಾತು ಆಮೇಲೆ ಬರಲಿ, ಮೊದಲು ಉಸಿರಿನ ಮಾತು.

ಮಂಗಳೂರಿಗೇ ಏಕೆ ಈ ಮಾತು?

ನಕಾಶೆ ತೆಗೆದು ನೋಡಿ. ಪಣಂಬೂರಿನಲ್ಲಿ ಬಂದರು. ಅದರ ಮಗ್ಗುಲಲ್ಲೇ, ಜನ ಎಂ.ಸಿ.ಎಫ್. ಎಂದು ಕರೆಯುವ ರಸಗೊಬ್ಬರ ಕಾರ್ಖಾನೆ, 1976ರಿಂದ ಉತ್ಪಾದನೆ ನಡೆಸಿದೆ. ಯೂರಿಯಾ ಮಾಡಲು ಅಮೋನಿಯ ಬೇಕೇ ಬೇಕು. ಕುತ್ತೆತ್ತೂರಿನಲ್ಲಿ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರ, ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ್ದು. ಪೆರ್ಮುದೆಯ ನೆಲದೊಳಗೆ 15 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಸುರಂಗ. ಅಡುಗೆ ಅನಿಲಕ್ಕೂ 80,000 ಟನ್ ಸಾಮರ್ಥ್ಯದ ಇನ್ನೊಂದು ನೆಲದಡಿಯ ಸಂಗ್ರಹಾಗಾರ ಕೊರೆದಿದ್ದಾರೆ. ಬೈಕಂಪಾಡಿಯಲ್ಲಿ ಸಾಲು ಸಾಲು ಕೈಗಾರಿಕೆಗಳು. ಮೀನು ಸಂಸ್ಕರಣೆಯ ಘಟಕಗಳಲ್ಲೂ ಮಂಜುಗಡ್ಡೆಯ ಕಾರ್ಖಾನೆಗಳಲ್ಲೂ ತಂಪು ಮಾಡಲು ಬಳಸುವುದು ಹೆಚ್ಚಾಗಿ ಅದೇ ಅಮೋನಿಯ. ಇವೆಲ್ಲದರ ನಡುವೆ ಹೆದ್ದಾರಿ, ಶಾಲೆ, ಕಾಲೇಜು, ಮಾರುಕಟ್ಟೆ, ದೇವಸ್ಥಾನ, ಮಸೀದಿ, ಇಗರ್ಜಿ. ಕಾರ್ಖಾನೆಗೂ ಊರಿಗೂ ನಡುವೆ ಇರುವುದು ಒಂದು ಕಾಂಪೌಂಡು ಗೋಡೆ. ಗಾಳಿಗೆ ಯಾವ ಕಾಂಪೌಂಡು?

ಇಲ್ಲಿನ ಗಾಳಿಯ ಗುಣವನ್ನೂ ನೆನಪಿಡಿ. ಹಗಲು ಬಿಸಿಲೇರಿದ ಮೇಲೆ ಕಡಲ ಗಾಳಿ ಪಡುವಣದಿಂದ ಊರಿನತ್ತ ಬೀಸುತ್ತದೆ. ರಾತ್ರಿ ನೆಲದ ಗಾಳಿ ಕಡಲಿನತ್ತ ತಿರುಗುತ್ತದೆ. ಅಂದರೆ ಕೆಲಸದ ಹೊತ್ತಿನಲ್ಲಿ, ಜನ ತುಂಬಿರುವಾಗಲೇ, ಕಡಲಂಚಿನಲ್ಲಿ ಸೋರಿದ್ದು ಊರಿನ ಕಡೆಗೇ ಬರುವ ಸಂಭವ ಹೆಚ್ಚು. ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಾಲರಿಗೆ ಟೈ ಕಟ್ಟಿದವರಿಗೆ ಕಲಿಸಬೇಕಾಗಿದೆ.

ಸಾವು ನಮ್ಮ ಬಾಗಿಲಿಗೆ ಬಂದು ಹೋಗಿದೆ

2022ರ ಏಪ್ರಿಲ್ 17. ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕ. ಮೀನಿನ ತ್ಯಾಜ್ಯದ ಗುಂಡಿಗೆ ಒಬ್ಬ ಬಿದ್ದ. ಅವನನ್ನು ಎತ್ತಲು ಜೊತೆಗಾರರು ಒಬ್ಬರ ಹಿಂದೆ ಒಬ್ಬರು ಇಳಿದರು. ಐವರು ಸತ್ತರು. ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಹುಡುಗರು.

2025ರ ಜುಲೈ 12. ಎಂ.ಆರ್.ಪಿ.ಎಲ್.ನಲ್ಲಿ ಟ್ಯಾಂಕಿನ ಮೇಲೆ ತಪಾಸಣೆಗೆ ಹೋಗಿದ್ದ ಇಬ್ಬರು ಹೈಡ್ರೋಜನ್ ಸಲ್ಫೈಡ್ ಅನಿಲ ಕುಡಿದು ಸತ್ತರು. ಒಬ್ಬರು ಉತ್ತರ ಪ್ರದೇಶದವರು, ಇನ್ನೊಬ್ಬರು ಕೇರಳದವರು. ಕಾಪಾಡಲು ಹೋದ ಮತ್ತೊಬ್ಬರು ಆಸ್ಪತ್ರೆ ಸೇರಿದರು.

ಈ ಎರಡೂ 'ಒಳಗಿರಿ' ಎಂದು ಹೇಳಿ ತಪ್ಪಿಸಬಹುದಾಗಿದ್ದ ಅಪಘಾತಗಳಲ್ಲ. ಆದರೆ ಅವು ಕಲಿಸುವ ಪಾಠ ನಮ್ಮದೇ. ಅನಿಲದ ಮುಂದೆ ಧೈರ್ಯಕ್ಕೆ ಬೆಲೆ ಇಲ್ಲ, ಮುಂಚಿತ ತಿಳಿವಳಿಕೆಗೆ ಮಾತ್ರ ಬೆಲೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. 'ವಾಸನೆ ಹೋಯಿತು, ಅಪಾಯವೂ ಹೋಯಿತು' ಎಂದು ನಂಬಿದವನು ಅಲ್ಲೇ ಕುಸಿಯುತ್ತಾನೆ. ಇದನ್ನು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಡ. ತನ್ನ ಭಾಷೆಯಲ್ಲಿ ಯಾರಾದರೂ ಎರಡು ವಾಕ್ಯ ಹೇಳಿದ್ದರೆ ಸಾಕು.

ಈಗ ಭೋಪಾಲಕ್ಕೆ ಬನ್ನಿ. 1984ರ ಡಿಸೆಂಬರ್ 2ರ ಆ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸೈನೇಟ್ ಸೋರಿ ಸಾವಿರಾರು ಜನ ಸತ್ತರು. ಊರಿಗೆ ಕೇಳಿಸುವ ಸೈರನ್ನನ್ನು ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಿಬಿಟ್ಟರು. ಕಣ್ಣು ಉರಿದು ಎಚ್ಚರಗೊಂಡ ಜನ ಬೀದಿಗೆ ಬಿದ್ದು ಓಡಿದರು. ಓಡುವವನ ಉಸಿರು ಜೋರು, ಜೋರು ಉಸಿರಿಗೆ ವಿಷವೂ ಜಾಸ್ತಿ. ಗೋಡೆಯ ಆಚೆ ಏನು ತಯಾರಾಗುತ್ತಿದೆ, ಅದು ಹೊರಬಿದ್ದರೆ ಏನು ಮಾಡಬೇಕು ಎಂದು ಆ ಜನರಿಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಸಂಗತಿ ಕೇಳಿ: ಆ ಕಾರ್ಖಾನೆಯ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಅದನ್ನು ಸರಿಯಾಗಿ ಓದಬಲ್ಲ ಕಾರ್ಮಿಕರು ಕೆಲವರೇ ಎಂದು ಆ ದುರಂತದ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಭಾಷೆ ಬರಿಯ ಭಾವನೆಯ ವಿಷಯ ಎನ್ನುವ ಮಹಾಶಯರು ಇದಕ್ಕೆ ಏನನ್ನುತ್ತಾರೆ?

ಅದು ಹಳೆಯ ಕಥೆ ಎನ್ನಬೇಡಿ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಸೋರಿತು. 12 ಜನ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಕಂಡುಕೊಂಡದ್ದೇನು ಗೊತ್ತೇ? ಸೈರನ್ ಒತ್ತುವ ಜಾಗಗಳು 36 ಇದ್ದವು. ಒಂದನ್ನೂ ಯಾರೂ ಒತ್ತಲಿಲ್ಲ! ಯಂತ್ರ ಇತ್ತು, ದುಡ್ಡು ಖರ್ಚಾಗಿತ್ತು. ಯೋಜನೆ ಮನುಷ್ಯರ ತಲೆಗೆ ಇಳಿದಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ಭೋಪಾಲದ ಹೆಣಗಳ ಮೇಲೆ ನಿಂತು ನಮ್ಮ ದೇಶ ಕೆಲವು ಕಾನೂನು ಮಾಡಿಕೊಂಡಿತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕಾರ್ಖಾನೆಯ ಮಾಲೀಕ ಅಪಾಯದ ವಿವರವನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಲೇಬೇಕು ಎಂದು ವಿಧಿಸಿತು. ಆ 1948ರ ಕಾಯ್ದೆ ಈಗ ಇಲ್ಲ. ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಕೆಲಸದ ಸ್ಥಳದ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ತಿಳಿಸಬೇಕಾದ ಹೊಣೆ ಬದಲಾಗಿಲ್ಲ.

1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಇನ್ನೂ ಸ್ಪಷ್ಟ. ದೊಡ್ಡ ಅಪಾಯದ ಕಾರ್ಖಾನೆ ತನ್ನ ಬೇಲಿಯೊಳಗಿನ ತುರ್ತು ಯೋಜನೆಯನ್ನು ತಾನೇ ಬರೆದಿಡಬೇಕು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಮಾಡಬೇಕು. ಬೇಲಿಯ ಹೊರಗಿನ ಯೋಜನೆ ಜಿಲ್ಲಾ ಆಡಳಿತದ ಹೊಣೆ, ಅದರ ಅಭ್ಯಾಸ ವರ್ಷಕ್ಕೊಮ್ಮೆಯಾದರೂ ಆಗಬೇಕು. ಅಪಘಾತವಾದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಹೊರಗಿನ ಜನರಿಗೆ ಮೊದಲೇ ತಿಳಿಸಿರಬೇಕು. 1996ರ ನಿಯಮಗಳು ಇದರ ಮೇಲೆ ಜಿಲ್ಲೆಗೊಂದು, ಕೈಗಾರಿಕಾ ಪ್ರದೇಶಕ್ಕೊಂದು ರಾಸಾಯನಿಕ ತುರ್ತು ಸಮಿತಿ ಇರಬೇಕೆಂದವು. ಜನರಿಗೆ ತಿಳಿವಳಿಕೆ ಕೊಡುವುದು ಸ್ಥಳೀಯ ಸಮಿತಿಯ ಕೆಲಸ.

'ತಿಳಿಸಬೇಕು' ಎಂದರೆ ಏನು ಸ್ವಾಮಿ? ತಿಳಿಯುವಂತೆ ಹೇಳಬೇಕು. ತಿಳಿಯದ ಭಾಷೆಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ ಫೋಟೋ ತೆಗೆದು ಕಡತಕ್ಕೆ ಸೇರಿಸಿದರೆ ಅದು ತಿಳಿಸಿದಂತಲ್ಲ, ತಪ್ಪಿಸಿಕೊಂಡಂತೆ. ನಿಮ್ಮ ಕಾರ್ಖಾನೆಯ ಗೇಟಿನ ಫಲಕವನ್ನು ಈ ಒಂದೇ ಅಳತೆಗೋಲಿನಿಂದ ಅಳೆಯಿರಿ: ರಾತ್ರಿ ಪಾಳಿಯ ಗುತ್ತಿಗೆ ಕಾರ್ಮಿಕ ಓದಿ, ಹತ್ತು ಸೆಕೆಂಡಿನಲ್ಲಿ ಎದ್ದು ಕೆಲಸಕ್ಕೆ ತೊಡಗಬಲ್ಲನೇ?

ನೆಪಗಳು, ಉತ್ತರಗಳು

ನಮ್ಮ ಬಾಯಿ ಮುಚ್ಚಿಸಲು ಮೂರು ನೆಪಗಳು ಸಿದ್ಧವಾಗಿರುತ್ತವೆ.

ಒಂದನೆಯದು: 'ನಮ್ಮ ಸಿಬ್ಬಂದಿಗೆಲ್ಲ ಇಂಗ್ಲಿಷ್ ಬರುತ್ತದೆ.' ಇರಬಹುದು. ಸಂದರ್ಶನದಲ್ಲಿ ಬರುವ ಇಂಗ್ಲಿಷ್ ಬೇರೆ, ಕೆಮ್ಮು ಹತ್ತಿ ಕಣ್ಣು ಉರಿಯುವಾಗ ಕಿವಿಗೆ ಇಳಿಯುವ ಭಾಷೆ ಬೇರೆ. ಕಾಲಿಗೆ ಮುಳ್ಳು ಚುಚ್ಚಿದರೆ ಬಾಯಿಂದ ಬರುವುದು 'ಅಮ್ಮಾ' ಎಂದೇ. ಅಷ್ಟಕ್ಕೂ ಸಿಬ್ಬಂದಿ ಎಂದರೆ ಕುರ್ಚಿಯವರು ಮಾತ್ರವೇ? ಗುಡಿಸುವವರು, ಲಾರಿ ಚಾಲಕರು, ಮೀನು ಕತ್ತರಿಸುವ ಹೆಂಗಸರು, ಗೋಡೆಯ ಆಚೆಯ ಅಂಗಡಿಯವರು ಯಾವ ಲೆಕ್ಕಕ್ಕೆ?

ಎರಡನೆಯದು: 'ಚಿತ್ರ ಹಾಕಿದ್ದೇವಲ್ಲ, ಚಿತ್ರಕ್ಕೆ ಭಾಷೆ ಬೇಡ.' ಓಡುವ ಮನುಷ್ಯನ ಚಿತ್ರ ಎಲ್ಲ ಕಡೆ ಇದೆ. ಅದು ಹೇಳುವುದು ಓಡು ಎಂದೇ. ಇವತ್ತು ಓಡಬೇಡ, ಒಳಗಿರು ಎಂದು ಯಾವ ಚಿತ್ರ ಹೇಳುತ್ತದೆ?

ಮೂರನೆಯದು ಸ್ವಲ್ಪ ಬುದ್ಧಿವಂತರ ನೆಪ: 'ಇಲ್ಲಿ ಬಂಗಾಳದವರು, ಒಡಿಶಾದವರು, ಬಿಹಾರದವರು ದುಡಿಯುತ್ತಾರೆ. ಕನ್ನಡ ಹಾಕಿ ಏನು ಪ್ರಯೋಜನ?' ಇದಕ್ಕೆ ನಮ್ಮ ಉತ್ತರ ನೇರ. ಕನ್ನಡ ಹಾಕಿ, ಬಂಗಾಳಿಯನ್ನೂ ಹಾಕಿ, ಹಿಂದಿಯನ್ನೂ ಹಾಕಿ! ಕನ್ನಡ ಈ ನೆಲದ ಆಡಳಿತ ಭಾಷೆ, ಬೇಲಿಯ ಹೊರಗಿನ ಜನ ಓದುವ ಭಾಷೆ, ಅದು ಮೊದಲು ಬೇಕು. ಜೊತೆಗೆ, ದುಡಿಯುವವನ ಭಾಷೆ ಯಾವುದೋ ಅದೂ ಬೇಕು. ಬಜ್ಪೆಯ ಗುಂಡಿಯಲ್ಲಿ ಸತ್ತ ಹುಡುಗರ ತಾಯಂದಿರು ನಮ್ಮ ತಾಯಂದಿರಂತೆಯೇ ಅತ್ತಿರುತ್ತಾರೆ. ಪರಭಾಷೆಯವನ ಜೀವ ಅಗ್ಗ ಎನ್ನುವ ಕನ್ನಡ ನಮಗೆ ಬೇಡ. ಧ್ವನಿವರ್ಧಕದಲ್ಲಿ ಹೇಳುವಾಗ ತುಳುವೂ ಇರಲಿ, ಬ್ಯಾರಿಯೂ ಇರಲಿ, ಕೊಂಕಣಿಯೂ ಇರಲಿ. 'ಉಲಾಯಿ ಪೋಲೆ, ಬಾಕಿಲ್ ಪಾಡ್ಲೆ' ಎಂದು ಮೈಕಿನಲ್ಲಿ ಬಂದರೆ ಜೋಕಟ್ಟೆಯ ಅಜ್ಜಿಗೂ ತಿಳಿಯುತ್ತದೆ.

ಇನ್ನು ನಮ್ಮವರಿಗೂ ಒಂದು ಮಾತು. ಅಂಗಡಿಯ ಬೋರ್ಡಿನಲ್ಲಿ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಒಳ್ಳೆಯದು. ಬೋರ್ಡಿಗೆ ಏಣಿ ಹಾಕಿ ಅಕ್ಷರ ಅಳೆಯುವ ನಾವು, ಅದೇ ಕಟ್ಟಡದ ಒಳಗೆ ತುರ್ತು ಸೂಚನೆ ಯಾವ ಭಾಷೆಯಲ್ಲಿದೆ ಎಂದು ಎಷ್ಟು ಸಲ ಕೇಳುತ್ತೇವೆ? ಹೊರಗಿನ ಕನ್ನಡ ಗಿರಾಕಿಗೆ, ಒಳಗಿನ ಕನ್ನಡ ಜೀವಕ್ಕೆ. ಉದ್ಯೋಗದಲ್ಲಿ ಕನ್ನಡಿಗರಿಗೆ ಪಾಲು ಕೇಳುವುದು ನ್ಯಾಯ. ಆ ಉದ್ಯೋಗ ಮುಗಿಸಿ ಸಂಜೆ ಜೀವಂತ ಮನೆಗೆ ಬರುವುದೂ ಆ ನ್ಯಾಯದ ಭಾಗವೇ.

'ಒಳಗಿರಿ' ಎಂದರೆ ಹೇಗೆ?

ಕೂಗಾಡಿದರೆ ಸಾಲದು, ಕಲಿಯಬೇಕು. ಇದನ್ನು ಕತ್ತರಿಸಿ ನಿಮ್ಮ ಕೆಲಸದ ಜಾಗದಲ್ಲಿ ಅಂಟಿಸಿ.

ಮೊದಲು ಕೋಣೆ ಆರಿಸಿ, ಇವತ್ತೇ ಆರಿಸಿ. ಕಿಟಕಿ ಕಡಿಮೆ ಇರುವ, ಕಟ್ಟಡದ ನಡುವಿನ, ಗಟ್ಟಿ ಬಾಗಿಲಿನ ಕೋಣೆ ಬೇಕು. ನಮ್ಮ ಮಂಗಳೂರು ಹಂಚಿನ ಮಾಡು ಸೆಕೆಗೆ ಸೊಗಸು, ಆದರೆ ಹಂಚಿನ ಸಂದಿಯಿಂದ ಗಾಳಿ ಸಲೀಸಾಗಿ ಒಳಗೆ ಬರುತ್ತದೆ. ತಗಡಿನ ಶೆಡ್ಡು, ಜಾಲರಿ ಕಿಟಕಿಯ ಗೋದಾಮು ಇವೂ ಅಷ್ಟೇ. ಅಂಥಲ್ಲಿ ದುಡಿಯುವವರಿಗೆ ಹತ್ತಿರದ ಕಾಂಕ್ರೀಟ್ ತಾರಸಿಯ ಕೋಣೆಯೊಂದನ್ನು ಆಡಳಿತ ವರ್ಗ ಮೊದಲೇ ಗೊತ್ತುಮಾಡಬೇಕು. ಸಾಹೇಬರ ಎ.ಸಿ. ಕೋಣೆಯೇ ಆ ಕೋಣೆಯಾದರೆ ಸಾಹೇಬರು ಬಾಗಿಲು ತೆಗೆಯಲೇಬೇಕು!

ಎಷ್ಟು ಜನಕ್ಕೆ ಎಷ್ಟು ಜಾಗ? ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯ ಲೆಕ್ಕದಂತೆ ಒಬ್ಬರಿಗೆ 10 ಚದರ ಅಡಿ ನೆಲ ಇದ್ದರೆ, ಮುಚ್ಚಿದ ಕೋಣೆಯಲ್ಲಿ 5 ಗಂಟೆಯವರೆಗೆ ಉಸಿರಾಟಕ್ಕೆ ತೊಂದರೆಯಿಲ್ಲ. 20 ಜನಕ್ಕೆ 10 ಅಡಿ ಅಗಲ, 20 ಅಡಿ ಉದ್ದದ ಕೋಣೆ ಸಾಕು. ಗಾಳಿ ಮುಗಿದು ಸಾಯುತ್ತೇವೆಂಬ ಭಯ ಬೇಡ.

ಸೂಚನೆ ಬಂದ ಕೂಡಲೇ ಬಾಗಿಲು ಕಿಟಕಿ ಹಾಕಿ. ಎ.ಸಿ., ಫ್ಯಾನು, ಶೌಚಾಲಯದ ಎಗ್ಸಾಸ್ಟ್ ಫ್ಯಾನು ಎಲ್ಲ ನಿಲ್ಲಿಸಿ. ಯಾವ ಸ್ವಿಚ್ಚು ಎಲ್ಲಿದೆ ಎಂದು ಇಬ್ಬರಿಗಾದರೂ ಗೊತ್ತಿರಲಿ. ಬಾಗಿಲ ಅಡಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ. ಕಿಟಕಿಯ ಸಂದಿಗೆ ಪಾರ್ಸೆಲ್ ಕಟ್ಟುವ ಕಂದು ಟೇಪು ಅಂಟಿಸಿ. ಒದ್ದೆ ಕರವಸ್ತ್ರ ಮೂಗಿಗೆ ಹಿಡಿಯಿರಿ. ಅಮೋನಿಯ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಒದ್ದೆ ಬಟ್ಟೆ ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ತಂಗುತ್ತದೆ. ಅಂಥದ್ದಾದರೆ ನೆಲಮಾಳಿಗೆ ಬೇಡ, ಮೇಲಿನ ಮಹಡಿಗೆ ಹೋಗಿ.

ತಲೆ ಎಣಿಸಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಗುತ್ತಿಗೆಯವರು, ಸಾಮಾನು ಇಳಿಸಲು ಬಂದವರು, ಗಿರಾಕಿಗಳು ಇವರನ್ನೂ ಎಣಿಸಿ. ಗೇಟಿನಲ್ಲಿರುವ ಕಾವಲುಗಾರನನ್ನು ಬಿಸಿಲಲ್ಲಿ ಬಿಟ್ಟು ಬಾಗಿಲು ಹಾಕಿಕೊಂಡರೆ ಅದು ಯೋಜನೆಯಲ್ಲ, ಕೊಲೆ.

ಕೋಣೆಯಲ್ಲಿ ಮೊದಲೇ ಇಟ್ಟಿರಬೇಕಾದದ್ದು: ಕುಡಿಯುವ ನೀರು, ಟೇಪು, ಹಳೆಯ ಬಟ್ಟೆ, ಟಾರ್ಚು, ಸಣ್ಣ ರೇಡಿಯೋ, ಔಷಧ ಪೆಟ್ಟಿಗೆ, ಎಲ್ಲರ ಹೆಸರಿನ ಪಟ್ಟಿ. ಮೊಬೈಲು ಕೈಯಲ್ಲಿರುತ್ತದೆ, ಆದರೆ ಎಲ್ಲರೂ ಒಟ್ಟಿಗೆ ಕರೆ ಮಾಡಿದರೆ ಯಾರಿಗೂ ಲೈನು ಸಿಗದು. ಒಬ್ಬರು 112ಕ್ಕೋ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೋ ಮಾಡಿ, ಉಳಿದವರು ಸಂದೇಶ ಕಳಿಸಿ. ಮಗು ಶಾಲೆಯಲ್ಲಿದೆ ಎಂದು ಬೈಕು ಹತ್ತಿ ಓಡಬೇಡಿ. ಶಾಲೆಯೂ ಬಾಗಿಲು ಹಾಕಿಕೊಂಡಿರುತ್ತದೆ, ಹಾಕಿಕೊಂಡಿರಬೇಕು. ನಡುದಾರಿಯಲ್ಲಿ ಸಿಕ್ಕಿಬೀಳುವವರು ನೀವು.

ಅಪಾಯ ಕಳೆಯಿತು ಎಂಬ ಅಧಿಕೃತ ಸೂಚನೆ ಬಂದ ಮೇಲೆ ಒಳಗೇ ಕೂತಿರಬೇಡಿ. ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಅಲ್ಪಸ್ವಲ್ಪ ಒಳಗೆ ನುಸುಳಿದ ವಿಷ ಅಲ್ಲೇ ಉಳಿದಿರುತ್ತದೆ, ಹೊರಗೆ ಗಾಳಿ ತಿಳಿಯಾಗಿರುತ್ತದೆ.

ಯಾವಾಗ ಒಳಗಿರಬಾರದು?

ಇದನ್ನು ದೊಡ್ಡಕ್ಷರದಲ್ಲಿ ಬರೆದುಕೊಳ್ಳಿ. ಕಟ್ಟಡಕ್ಕೆ ಬೆಂಕಿ ಬಿದ್ದರೆ ಒಳಗಿರಬೇಡಿ. ನಿಮ್ಮ ಕಟ್ಟಡದಲ್ಲೇ ಅನಿಲ ಸೋರಿದ್ದರೆ ಒಳಗಿರಬೇಡಿ. ಗಾಳಿ ಬರುವ ದಿಕ್ಕಿಗೆ ಅಡ್ಡಲಾಗಿ ನಡೆದು ದೂರ ಹೋಗಿ.

ಅಡುಗೆ ಅನಿಲದ ಟ್ಯಾಂಕರ್ ಹತ್ತಿರ ಮಗುಚಿದರೂ ಅಲ್ಲಿ ಕೂರಬೇಡಿ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಹೆದ್ದಾರಿಯಲ್ಲಿ ಅಂಥ ಟ್ಯಾಂಕರ್ ಮಗುಚಿ, ಸೋರಿದ ಅನಿಲಕ್ಕೆ ಬೆಂಕಿ ಹತ್ತಿ, ಸುತ್ತಲಿನ ಮನೆಗಳು ಸುಟ್ಟು ಹಲವರು ಸತ್ತರು. ಆ ಅನಿಲ ಗಾಳಿಗಿಂತ ಭಾರ. ನೆಲಕ್ಕಂಟಿ ಹರಿದು ಮನೆಯೊಳಗೆ ನುಗ್ಗುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಅಲ್ಲಿ ಸ್ವಿಚ್ಚು ಮುಟ್ಟಬಾರದು, ಬೈಕು ಚಾಲೂ ಮಾಡಬಾರದು, ನಡೆದೇ ದೂರ ಹೋಗಬೇಕು.

ನೋಡಿದಿರಾ? ಅಮೋನಿಯಕ್ಕೆ ಒಂದು, ಅಡುಗೆ ಅನಿಲಕ್ಕೆ ಅದಕ್ಕೆ ವಿರುದ್ಧವಾದ ಇನ್ನೊಂದು. ಎರಡಕ್ಕೂ ಒಂದೇ ಊಳು, ಒಂದೇ ಹಸಿರು ಬೋರ್ಡು! ತಿಳಿಯುವ ಮಾತಿನಲ್ಲಿ ಹೇಳದೆ ಬೇರೆ ದಾರಿ ಇದೆಯೇ?

ನಮ್ಮ ಹಕ್ಕೊತ್ತಾಯ

1. ದಕ್ಷಿಣ ಕನ್ನಡದ ಪ್ರತಿ ಅಪಾಯಕಾರಿ ಕಾರ್ಖಾನೆಯ ಗೇಟಿನಲ್ಲಿ, ಒಳಗೆ ಇರುವ ರಾಸಾಯನಿಕದ ಹೆಸರು, ಅದು ಸೋರಿದರೆ 'ಒಳಗಿರಿ' ಎಂದೋ 'ದೂರ ಹೋಗಿ' ಎಂದೋ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಯಬೇಕು. ದುಡಿಯುವವರ ಭಾಷೆಯಲ್ಲೂ ಬರೆಯಬೇಕು.

2. ಸೈರನ್ನಿನ ಹಿಂದೆಯೇ ಧ್ವನಿವರ್ಧಕದಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ, ಹಿಂದಿಯಲ್ಲಿ ಮೊದಲೇ ಧ್ವನಿಮುದ್ರಿಸಿದ ಎರಡೆರಡು ವಾಕ್ಯ ಬರಬೇಕು. ಮಸೀದಿ, ದೇವಸ್ಥಾನ, ಇಗರ್ಜಿಗಳ ಮೈಕುಗಳನ್ನೂ ಆಕಾಶವಾಣಿಯನ್ನೂ ಈ ಯೋಜನೆಗೆ ಸೇರಿಸಬೇಕು.

3. ಬೇಲಿಯ ಹೊರಗಿನ ಯೋಜನೆಯ ಕನ್ನಡ ಸಾರಾಂಶವನ್ನು ಜಿಲ್ಲಾಡಳಿತ ಮನೆಮನೆಗೆ ಹಂಚಬೇಕು. ಕಂಬಳಕ್ಕೂ ಬಯಲಾಟಕ್ಕೂ ರಿಕ್ಷಾಕ್ಕೆ ಮೈಕು ಕಟ್ಟಿ ಊರೂರು ಸಾರುವ ನಾಡಿದು. ಜೀವ ಉಳಿಸುವ ಮಾತು ಸಾರಲು ರಿಕ್ಷಾ ಸಿಗುವುದಿಲ್ಲವೇ?

4. ಅಣಕು ಕಾರ್ಯಾಚರಣೆಯಲ್ಲಿ ಓಡುವ ಅಭ್ಯಾಸದ ಜೊತೆಗೆ ಒಳಗಿರುವ ಅಭ್ಯಾಸವೂ ಆಗಬೇಕು. ಗುತ್ತಿಗೆಯವರು, ಕಾವಲುಗಾರರು, ಅಕ್ಕಪಕ್ಕದ ಅಂಗಡಿಯವರು ಅದರಲ್ಲಿ ಇರಬೇಕು.

ಯಾರನ್ನು ಕೇಳುವುದು ಎಂದು ಕೈಕಟ್ಟಿ ಕೂರಬೇಡಿ. ಜಿಲ್ಲಾಧಿಕಾರಿ ಕಚೇರಿಯನ್ನು ಕೇಳಿ. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯನ್ನು ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ, ಕನ್ನಡದಲ್ಲೇ ಅರ್ಜಿ ಬರೆಯಿರಿ. ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. 'ನಮ್ಮ ಪ್ರದೇಶದ ತುರ್ತು ಯೋಜನೆಯ ಪ್ರತಿ ಕೊಡಿ, ಕೊನೆಯ ಅಭ್ಯಾಸ ಯಾವ ದಿನ ನಡೆಯಿತು ಹೇಳಿ, ಜನರಿಗೆ ಯಾವ ಭಾಷೆಯಲ್ಲಿ ತಿಳಿಸಿದಿರಿ ಹೇಳಿ' ಎಂಬ ಮೂರು ಸಾಲು ಸಾಕು. ಉತ್ತರಕ್ಕೆ 30 ದಿನ ಗಡುವು.

ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋದ ಕೂಡಲೇ ಮೇನೇಜರರ ಮುಂದೆ ನಿಂತು ವಿನಯದಿಂದ, ಆದರೆ ಕಣ್ಣಲ್ಲಿ ಕಣ್ಣಿಟ್ಟು ಕೇಳಿ: 'ಸರ್, ಸೈರನ್ ಕೂಗಿದರೆ ಒಳಗೋ, ಹೊರಗೋ?' ಉತ್ತರ ಬಂದರೆ ಅದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಉತ್ತರ ಬರದಿದ್ದರೆ ನಾಡಿದ್ದು ಹತ್ತು ಜನ ಹೋಗಿ ಕೇಳಿ.

ಕನ್ನಡ ಉಳಿಯಬೇಕು. ಅದನ್ನು ಆಡುವ ಬಾಯಿಯೂ ಉಳಿಯಬೇಕು, ಉಸಿರೂ ಉಳಿಯಬೇಕು!